ಗುರುವಾರದ ಪ್ರಶ್ನೆಗಳು

ಬೆಳಿಗ್ಗೆ ಎದ್ದವಳು ಒಲೆ ಹಚ್ಚುವ ಮೊದಲು ಕಂಪ್ಯೂಟರ್ ಹಾಕುವುದು ಗಾನವಿಗೆ ಆ ವರ್ಷ ಅಂಟಿಕೊಂಡ ಚಾಳಿ. ಅತ್ತೆ ವಿಮಲಮ್ಮ ಬಾಗಿಲಿಗೆ ನೀರು ಹಾಕಿ ಒಳಗೆ ಬರುವಷ್ಟರಲ್ಲಿ ಸೊಸೆ ನಡುಮನೆಯ ಮೂಲೆಯಲ್ಲಿ ಆ ನೀಲಿ ಬೆಳಕಿನ ಮುಂದೆ ಕೂತುಬಿಟ್ಟಿರುತ್ತಿದ್ದಳು. ದೇವರಿಗೆ ದೀಪ ಹಚ್ಚುವುದು ಬಿಟ್ಟು ಇದ್ಯಾವ ಪೂಜೆ ಎಂದು ಮೊದಮೊದಲು ಗೊಣಗುತ್ತಿದ್ದ ವಿಮಲಮ್ಮ, ಎಣ್ಣೆ ಬೇಕೆಂದು ದಾವಣಗೆರೆಯಿಂದ, ಬೆಂಗಳೂರಿನಿಂದ ಫೋನು ಬರತೊಡಗಿದ ಮೇಲೆ ಬಾಯಿ ಮುಚ್ಚಿಕೊಂಡರು. ಫಲ ಕೊಡುವ ಪೂಜೆಯನ್ನು ಯಾರು ತಾನೇ ಬೇಡ ಅಂತಾರೆ?

ಎರಡು ಸಾವಿರದ ಎಂಟನೇ ಇಸವಿಯ ಮಾತು. ಚಿಕ್ಕನಾಯಕನಹಳ್ಳಿಯ ಆ ಮನೆಯಲ್ಲಿ ಕೊಬ್ಬರಿ ಗಂಡಸರದ್ದು, ಎಣ್ಣೆ ಹೆಂಗಸರದ್ದು. ಗಾನವಿಯ ಗಂಡ ಹಾಲಸ್ವಾಮಿ ತಿಪಟೂರಿನ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದ, ಮಿಕ್ಕ ದಿನ ಅಟ್ಟದ ಮೇಲಿನ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಬಿಟ್ಟುಕೊಂಡಿದೆಯೋ ಇಲ್ಲವೋ ನೋಡುತ್ತಿದ್ದ. ವಿಮಲಮ್ಮ ಹಸಿ ಕಾಯಿ ತುರಿದು, ಹಾಲು ಹಿಂಡಿ, ಸಣ್ಣ ಉರಿಯಲ್ಲಿ ಕಾಯಿಸಿ ತೆಗೆಯುತ್ತಿದ್ದ ಎಣ್ಣೆಗೆ ಬಾಣಂತಿ ಮನೆಗಳಲ್ಲಿ ಒಳ್ಳೆಯ ಹೆಸರಿತ್ತು. ಕೂಸಿನ ಮೈಗೆ ಹಚ್ಚಿ, ತಿಕ್ಕಿ, ಬಿಸಿನೀರು ಹಾಕುವುದಕ್ಕೆ. ಅದರ ಕೆಲಸ ಅಷ್ಟೇ, ಅದಕ್ಕಿಂತ ಹೆಚ್ಚಿನದೇನನ್ನೂ ವಿಮಲಮ್ಮ ಯಾವತ್ತೂ ಯಾರಿಗೂ ಹೇಳಿದವರಲ್ಲ.

ಅದನ್ನು ಊರಾಚೆಗೆ ಮಾರಬೇಕೆಂಬ ಹುಚ್ಚು ಹತ್ತಿದ್ದು ಗಾನವಿಗೆ. ಬಿ.ಕಾಂ. ಮಾಡಿ ಪಾತ್ರೆ ತೊಳೆಯುತ್ತಿದ್ದೇನೆ ಎಂಬ ಸಂಕಟ ಅವಳದು, ಅದರಲ್ಲೇನೂ ತಪ್ಪಿಲ್ಲ. ಅವಳ ಚಿಕ್ಕಪ್ಪನ ಮಗ ಜ್ಞಾನೇಶ ತಿಪಟೂರಿನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ವೆಬ್‌ಸೈಟ್ ಮಾಡಿಕೊಟ್ಟವನೂ ಅವನೇ, ಫೋನಿನಲ್ಲಿ ಪಾಠ ಹೇಳಿದವನೂ ಅವನೇ. ಅಂಗಡಿ ಎಷ್ಟು ಚೆಂದವಿದ್ದರೂ ಹಿಂದಿನ ಗಲ್ಲಿಯಲ್ಲಿದ್ದರೆ ನೊಣ ಹೊಡೆಯಬೇಕಾಗುತ್ತದೆ, ಸರ್ಚ್ ಮಾಡಿದರೆ ಮೊದಲನೆಯ ಪುಟದಲ್ಲಿ ಸಿಗಬೇಕು ಎನ್ನುತ್ತಿದ್ದ. ಅದಕ್ಕೆ ಅವನು ಹೇಳಿಕೊಟ್ಟ ದಾರಿ ಸುಲಭದ್ದು. ನೀನು ಏನು ಮಾರುತ್ತೀಯ ಅಂತ ಬರೆಯಬೇಡ, ಜನ ಏನು ಹುಡುಕುತ್ತಾರೋ ಅದನ್ನು ಬರಿ. ಯಾವ ಪದ ಒತ್ತಿ ಜನ ನಿನ್ನ ಪುಟಕ್ಕೆ ಬಂದರು ಅನ್ನುವ ಪಟ್ಟಿ ದಿನಾ ಬೆಳಿಗ್ಗೆ ಸಿಗುತ್ತದೆ, ಅದನ್ನು ಓದು. ಅವರ ಪ್ರಶ್ನೆಯನ್ನೇ ತಲೆಬರಹ ಮಾಡಿ ಕೆಳಗೆ ಉತ್ತರ ಕೊಡು. ವಾರಕ್ಕೊಮ್ಮೆಯಾದರೂ ಪುಟಕ್ಕೆ ಹೊಸದೇನಾದರೂ ಸೇರಿಸುತ್ತಿರು.

ಗಾನವಿ ಜಾಣೆ, ಕಲಿಯುವುದಕ್ಕೆ ತಡವಾಗಲಿಲ್ಲ. ಕೂದಲು ಉದುರುವುದು, ಹಿಮ್ಮಡಿ ಒಡೆಯುವುದು, ಕೂಸಿನ ಮೈ ಒಣಗುವುದು, ಹೀಗೆ ಒಂದೊಂದಕ್ಕೂ ಒಂದೊಂದು ಪುಟ ಬರೆದಳು. ಒಂದು ಬೆಳಿಗ್ಗೆ ಪಟ್ಟಿಯ ತಳದಲ್ಲಿ ಅವಳು ಎಂದೂ ಕಾಣದಿದ್ದ ಪದಗಳಿದ್ದವು. ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದಿದ್ದರು. ‘ಮಗು ಫಿಟ್ಸ್ ಎಣ್ಣೆ.’

ಅವತ್ತು ಅದನ್ನು ದಾಟಿಕೊಂಡು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಜ್ಞಾನೇಶ ಫೋನಿನಲ್ಲಿ ಕುಣಿದಾಡಿಬಿಟ್ಟ. ಹೀಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹುಡುಕುವವರಿಗೆ ಉತ್ತರ ಕೊಡುವ ಪುಟವೇ ಎಲ್ಲೂ ಇಲ್ಲ, ನೀನು ಬರೆದರೆ ನೀನೇ ಮೊದಲು ಎಂದ. ಗಾನವಿ ಹಿತ್ತಿಲಿಗೆ ಹೋಗಿ, ಫಿಟ್ಸಿಗೆ ಈ ಎಣ್ಣೆಯನ್ನು ಯಾರಾದರೂ ಕೊಟ್ಟಿದ್ದುಂಟಾ ಎಂದು ಅತ್ತೆಯನ್ನು ಕೇಳಿದಳು. ವಿಮಲಮ್ಮ ಸೌಟು ಆಡಿಸುತ್ತಲೇ ನೆನಪು ಮಾಡಿಕೊಂಡರು. ಹಿಂದೆ ಯಾವಳೋ ಮುದುಕಿ ಕೂಸಿನ ನೆತ್ತಿಗೆ ತಟ್ಟುತ್ತಿದ್ದಳಂತೆ.

“ವಾಸಿ ಆಗ್ತಿತ್ತೋ ಬುಡ್ತಿತ್ತೋ ನಂಗೊತ್ತಿಲ್ಲ ಕಣೇ. ಅದನ್ನೆಲ್ಲ ಬರೀಬ್ಯಾಡ,” ಎಂದರು.

ಗಾನವಿ ಬರೆದಳು. ‘ತಲೆತಲಾಂತರದಿಂದ ಬಂದದ್ದು’ ಎಂದು ಸೇರಿಸಿದಳು. ಪ್ರತಿ ಸಾಲಿನ ಕೊನೆಗೂ ‘ಎನ್ನುತ್ತಾರೆ ಹಿರಿಯರು’ ಎಂದು ಹಾಕಿದಳು. ಹಾಗೆ ಹಾಕಿಬಿಟ್ಟರೆ ತಾನು ಸುಳ್ಳು ಹೇಳಿದಂತಾಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎಷ್ಟು ಜನ ಹಿರಿಯರು, ಯಾವ ಊರಿನವರು ಎಂದು ಕೇಳುವುದಕ್ಕೆ ಅಲ್ಲಿ ಯಾರಿದ್ದರು? ಮೂರೇ ದಿನಕ್ಕೆ ಆ ಪುಟ ಮೊದಲನೆಯದಾಗಿ ನಿಂತಿತು.

ಎಂಟು ದಿನ ಕಳೆದು ಪಟ್ಟಿಯಲ್ಲಿ ಮತ್ತೆ ಅದೇ ಧಾಟಿ. ‘ಫಿಟ್ಸ್ ಎಣ್ಣೆ ಎಷ್ಟು ಚಮಚ.’ ಹಚ್ಚುವ ಎಣ್ಣೆಯನ್ನು ಕುಡಿಸುವ ಮಾತು ಬಂದಿದ್ದು ಆಗ. ಅವಳಿಗೆ ಒಂದು ಗಳಿಗೆ ಮುಜುಗರವಾಯಿತು. ಆಮೇಲೆ ಎರಡು ಚಮಚ ಎಂದು ಬರೆದಳು, ಎಣ್ಣೆಯಿಂದ ಯಾರಿಗೇನು ಕೆಡುಕು ಎಂದುಕೊಂಡು. ಇನ್ನೊಂದು ವಾರಕ್ಕೆ ‘ಎಣ್ಣೆ ಕುಡಿಸಿದರೆ ಸಿರಪ್ ಬಿಡಬಹುದಾ’ ಎಂದಿತ್ತು, ಫಿಟ್ಸಿಗೆಂದು ಡಾಕ್ಟರು ಬರೆದುಕೊಟ್ಟ ಸಿರಪ್ ಇರಬೇಕು. ಗಾನವಿ ಬಹಳ ಹೊತ್ತು ಕೀಲಿಗಳ ಮೇಲೆ ಕೈ ಇಟ್ಟುಕೊಂಡು ಕೂತಳು. ಡಾಕ್ಟರನ್ನು ಕೇಳಿ ಅಂತ ಬರೆಯಲಾ ಎಂದು ಜ್ಞಾನೇಶನನ್ನು ಕೇಳಿದ್ದಕ್ಕೆ ಅವನು, ಹಾಗೆ ಬರೆದರೆ ಓದುವವರು ಡಾಕ್ಟರ ಹತ್ತಿರ ಹೋಗುತ್ತಾರೆ, ನಿನ್ನ ಹತ್ತಿರ ಯಾಕೆ ಬರುತ್ತಾರೆ ಎಂದು ನಕ್ಕ. ಅವಳೂ ನಕ್ಕಳು. ‘ಎಣ್ಣೆ ಮೈಗೆ ಹಿಡಿದ ಮೇಲೆ ಬೇರೆ ಔಷಧಿಯ ಅಗತ್ಯ ಬೀಳುವುದಿಲ್ಲ, ಎನ್ನುತ್ತಾರೆ ಹಿರಿಯರು.’

ಒಂದು ವಾರ ಏನೂ ಇರಲಿಲ್ಲ. ಅದರ ಮುಂದಿನ ವಾರ ಇತ್ತು. ‘ಸಿರಪ್ ಬಿಟ್ಟ ಮೇಲೆ ಮಗು ತುಂಬಾ ಮಲಗುತ್ತೆ ಒಳ್ಳೇದಾ.’

ಅವತ್ತು ಮನೆಗೆ ನೆಂಟರು ಬಂದಿದ್ದರು. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದವಳು ಮಧ್ಯೆ ಎದ್ದು ಬಂದು ನಿಂತುಕೊಂಡೇ ಉತ್ತರ ಹೊಡೆದಳು. ‘ಗಾಢ ನಿದ್ರೆ ಬಂದರೆ ಎಣ್ಣೆ ಹಿಡಿಯಿತು ಎಂದೇ ಅರ್ಥ. ಎಬ್ಬಿಸಬಾರದು, ಎನ್ನುತ್ತಾರೆ ಹಿರಿಯರು.’ ರವೆ ಸೀಯಲಿಲ್ಲ, ಅಷ್ಟು ಬೇಗ ಆಯಿತು ಆ ಕೆಲಸ.

ಅದರ ಮುಂದಿನ ಬುಧವಾರ ಮಧ್ಯಾಹ್ನ ಜ್ಞಾನೇಶ ಹೊಸ ಪಾಠ ಹೇಳಿದ. ವಾರದ ಯಾವ ದಿನ ಜನ ಹೆಚ್ಚು ಬರುತ್ತಾರೆ ನೋಡು, ಅದರ ಹಿಂದಿನ ದಿನ ಹೊಸದು ಹಾಕು ಎಂದ. ಗಾನವಿ ಒಂದೊಂದು ಪುಟವನ್ನೂ ದಿನದ ಲೆಕ್ಕದಲ್ಲಿ ತೆಗೆದು ನೋಡುತ್ತ ಬಂದಳು. ಕೂದಲಿನ ಪುಟಕ್ಕೆ ಎಲ್ಲ ದಿನವೂ ಜನ. ಫಿಟ್ಸಿನ ಪುಟಕ್ಕೂ ಅಲ್ಲಿಂದ ಇಲ್ಲಿಂದ ಜನ ಬರುತ್ತಿದ್ದರು. ಆದರೆ ಇಂಗ್ಲಿಷ್ ಅಕ್ಷರದ ಆ ಕನ್ನಡ ಪ್ರಶ್ನೆಗಳು ನಾಲ್ಕೂ ಗುರುವಾರದವು. ನಾಲ್ಕೂ ಹನ್ನೊಂದು ಗಂಟೆಯಿಂದ ಹನ್ನೆರಡರ ಒಳಗಿನವು. ಅವನ್ನು ಒಂದರ ಕೆಳಗೊಂದು ಚೀಟಿಯಲ್ಲಿ ಬರೆದುಕೊಂಡು ಮೇಲಿನಿಂದ ಓದಿದಳು.

ನಾಲ್ಕು ಜನ ಕೇಳಿದ್ದಲ್ಲ. ಒಬ್ಬರೇ ಕೇಳಿದ್ದು. ಇಷ್ಟು ದಿನ ಅವಳು ಪದ ಪದ ಎಂದು ಆಯ್ದುಕೊಂಡದ್ದರ ಹಿಂದೆ ಒಂದು ಮಗು ಇತ್ತು. ಅದಕ್ಕೆ ಎಣ್ಣೆ ಕುಡಿಸು ಎಂದವಳು ಇವಳು, ಸಿರಪ್ ಬಿಡಿಸಿದವಳು ಇವಳು, ಮಲಗಿದರೆ ಎಬ್ಬಿಸಬೇಡ ಎಂದವಳೂ ಇವಳೇ.

ಮೊದಲು ಪುಟವನ್ನು ಅಳಿಸಿದಳು. ಕೊರಿಯರ್ ವಿಳಾಸಗಳನ್ನೆಲ್ಲ ತೆಗೆದು ಫಿಟ್ಸಿಗೆಂದು ಕೇಳಿದವರಿಗೆ ಫೋನು ಮಾಡಿದಳು. ಒಬ್ಬರು ದೊಡ್ಡವರಿಗೆಂದು ತರಿಸಿದ್ದರು, ಇನ್ನೊಬ್ಬರು ಬಾಟಲಿಯನ್ನು ಬಿಚ್ಚಿಯೇ ಇರಲಿಲ್ಲ. ಸಿರಪ್ ಬಿಟ್ಟವರು ಅವರಲ್ಲಿ ಯಾರೂ ಇರಲಿಲ್ಲ, ಗುರುವಾರದವರು ಎಣ್ಣೆಯನ್ನು ಮನೆಯಲ್ಲೇ ಕಾಯಿಸಿಕೊಂಡಿರಬೇಕು. ಗುರುವಾರ ಬರುವವರು ಯಾವ ಊರಿನವರು ಎಂದು ಪಟ್ಟಿಯಲ್ಲಿ ನೋಡಿದರೆ ಬೆಂಗಳೂರು ಎಂದಿತ್ತು. ನಮ್ಮ ಕಡೆಯ ಇಂಟರ್ನೆಟ್ ಎಲ್ಲ ಬೆಂಗಳೂರಿನಿಂದ ಬಂದಂತೆಯೇ ಕಾಣಿಸುತ್ತದೆ, ಅದನ್ನು ನಂಬಬೇಡ ಎಂದ ಜ್ಞಾನೇಶ. ಪುಟ ಅಳಿಸಿದ್ದೇನಲ್ಲ, ಇನ್ನು ಯಾರಿಗೂ ಸಿಗುವುದಿಲ್ಲ ತಾನೇ ಎಂದು ಕೇಳಿದಳು. ಜ್ಞಾನೇಶ ಅಲ್ಲೇ ಸರ್ಚ್ ಮಾಡಿ ನೋಡಿದ.

“ನಿಂದು ಹೋಯ್ತು ಕಣೇ. ಆದ್ರೆ ನಾಲ್ಕು ಕಡೆ ಕಾಪಿ ಹೊಡ್ದವ್ರೆ. ಅವ್ರು ಯಾರು ಅಂತ ನಾನೆಲ್ಲಿ ಹುಡುಕ್ಲಿ?”

ಪುಟವನ್ನು ಮೇಲಕ್ಕೆ ಏರಿಸುವ ವಿದ್ಯೆಯೊಂದನ್ನೇ ಕಲಿತಿದ್ದ ಅವನು, ಇಳಿಸುವುದನ್ನಲ್ಲ. ಗಾನವಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಅವಳಲ್ಲಿ ಹೊತ್ತಿರಲಿಲ್ಲ.

ವಾರಕ್ಕೆ ಒಂದೇ ದಿನ, ಒಂದೇ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂರುವವರು ಯಾರು? ಪೇಟೆಯವರಲ್ಲ. ಪೇಟೆಗೆ ವಾರಕ್ಕೊಮ್ಮೆ ಬರುವವರು. ಹಾಗೆ ಯೋಚಿಸಿದ ಕೂಡಲೇ ಅವಳು ಹಿತ್ತಿಲಿಗೆ ಓಡಿದಳು. ಗುರುವಾರ ಎಲ್ಲಿ ಸಂತೆ ಎಂದು ಅತ್ತೆಯನ್ನು ಕೇಳಿದಳು. ವಿಮಲಮ್ಮ ಹುಳಿಯಾರು ಎಂದರು, ಸೊಸೆಯ ಮುಖ ನೋಡಿ ಸೌಟು ಕೆಳಗಿಟ್ಟರು. ಗಾನವಿ ಏನನ್ನೂ ಮುಚ್ಚಿಡದೆ ಹೇಳಿದಳು. ವಿಮಲಮ್ಮ ಬಯ್ಯಲಿಲ್ಲ. ಉರಿಯುವ ಸೌದೆಯನ್ನು ಒಲೆಯಿಂದ ಹಿಂದಕ್ಕೆ ಎಳೆದು ನೀರು ಚಿಮುಕಿಸಿದರು, ಎಣ್ಣೆ ಅರ್ಧದಲ್ಲೇ ನಿಂತಿತು.

ಗುರುವಾರ ಮೊದಲ ಬಸ್ಸಿಗೆ ಗಾನವಿ ಹುಳಿಯಾರಿನಲ್ಲಿ ಇಳಿದಳು. ಅವಳ ಅದೃಷ್ಟಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದೇ ಸೈಬರ್ ಸೆಂಟರ್ ಇತ್ತು. ಅದರ ಮಾಲೀಕ ಶಿವಣ್ಣ, ಗುರುವಾರ ಹನ್ನೊಂದಕ್ಕೆ ಬರುವವರು ಯಾರೆಂದು ಇವಳು ಕೇಳಿದ್ದಕ್ಕೆ ಯಾವುದೋ ಹಟ್ಟಿಯಿಂದ ಒಬ್ಬ ಬರುತ್ತಾನೆ ಎಂದ. ಹೆಸರು ಜುಂಜೇಶ, ಸಂತೆಗೆ ಕುರಿ ಹೊಡೆದುಕೊಂಡು ಬಂದು, ವ್ಯಾಪಾರ ಮುಗಿಸಿ ಅರ್ಧ ಗಂಟೆ ಕೂತು ಹೋಗುತ್ತಾನೆ. ಯಾವ ಹಟ್ಟಿ? ಅದು ಶಿವಣ್ಣನಿಗೆ ಗೊತ್ತಿರಲಿಲ್ಲ. ಈ ಸುತ್ತಿನಲ್ಲಿ ಹಟ್ಟಿಗಳಿಗೇನು ಕಮ್ಮಿಯೇ? ಅವಳು ಕುರಿ ಸಂತೆಯಲ್ಲೂ ಕೇಳಿಕೊಂಡು ಬಂದಳು. ಜುಂಜೇಶ ಎಂಬ ಹೆಸರಿನವರು ಮೂರು ಜನ ಸಿಕ್ಕರು, ಮೂವರ ಮಕ್ಕಳೂ ಚೆನ್ನಾಗಿದ್ದವು. ಮತ್ತೆ ಬಂದು ಸೈಬರಿನ ಬೆಂಚಿನ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಅವನು ಬಾರದಿರಲಿ, ಮಗು ಹುಷಾರಾಗಿ ಅವನಿಗೆ ಕೇಳುವುದೇ ಇಲ್ಲದಂತಾಗಿರಲಿ ಎಂದು ಎಲ್ಲ ದೇವರಿಗೂ ಹರಕೆ ಹೊತ್ತಳು.

ಹನ್ನೊಂದೂ ಕಾಲಿಗೆ ಅವನು ಬಂದ. ಇಪ್ಪತ್ತೈದರ ಹುಡುಗ, ಹೆಗಲ ಮೇಲೆ ಟವೆಲ್ಲು, ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವನ ಹಾಗೆ ಜೇಬಿನಲ್ಲೊಂದು ಪೆನ್ನು. ಶಿವಣ್ಣ ಅವನ ಕಡೆ ಕಣ್ಣು ಮಾಡಿ ತೋರಿಸಿದ. ಜುಂಜೇಶ ಕೂತು ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಗಾನವಿ ಎದ್ದು ಅವನ ಬೆನ್ನ ಹಿಂದೆ ನಿಂತಳು. ಮೊದಲನೆಯ ಸಾಲು ಅವಳದೇ. ಅದನ್ನು ಒತ್ತಿದರೆ ಪುಟ ಇಲ್ಲ ಎಂದು ಬಂತು. ಅವನು ಬೇಸರ ಮಾಡಿಕೊಳ್ಳದೆ ಎರಡನೆಯದನ್ನು ಒತ್ತಿದ. ಯಾರದೋ ಹೆಸರು, ಯಾರದೋ ಫೋನ್ ನಂಬರು, ಕೆಳಗೆ ಇವಳದೇ ಮಾತು ಅಕ್ಷರ ಬಿಡದೆ. ಗಾಢ ನಿದ್ರೆ ಬಂದರೆ ಎಣ್ಣೆ ಹಿಡಿಯಿತು ಎಂದೇ ಅರ್ಥ. ಅವನು ತುಟಿ ಅಲ್ಲಾಡಿಸುತ್ತ ಅದನ್ನು ಎರಡು ಸಲ ಓದಿಕೊಂಡ. ಅವನ ಹೆಗಲು ಹಗುರಾಗಿ ಕೆಳಗಿಳಿದದ್ದು ಹಿಂದೆ ನಿಂತವಳಿಗೆ ಕಾಣಿಸಿತು.

“ಅದನ್ನ ನಂಬ್ಬೇಡಿ,” ಎಂದಳು ಗಾನವಿ. “ಅದನ್ನ ಬರ್ದೋಳು ನಾನೇ.”

ಜುಂಜೇಶ ತಿರುಗಿದ. ಮೊದಲನೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲವೇನೋ. ಕುರ್ಚಿಯಿಂದ ಎದ್ದು, ಹೆಗಲ ಟವೆಲ್ಲು ತೆಗೆದು ಕೈ ಮುಗಿದ. ಅವನ ಕಣ್ಣು ತುಂಬಿಕೊಂಡಿತ್ತು.

“ನೀವೇನಾ ಅಕ್ಕಾ? ನಾನು ಏನ್ ಕೇಳಿದ್ರೂ ಮುಂದಿನ್ ಸಂತೆ ಒಳ್ಗೆ ಬರ್ದಿರ್ತಿದ್ರಿ. ಆಸ್ಪತ್ರೇಲಿ ನಂಗ್ಯಾರೂ ಇಷ್ಟು ಹೇಳಿಲ್ಲ.”

ಮಗು ಎಲ್ಲಿ ಎಂದು ಅವಳು ಕೇಳಿದಳು.

“ಹಟ್ಟೀಲವ್ಳೆ, ಅವ್ರವ್ವನ್ ತಾವ. ಸಿರಪ್ ಬಿಟ್ಟು ಹದಿನೈದ್ ದಿನ ಆಯ್ತು. ಮೊನ್ನೆ ರಾತ್ರಿ ಒಂದರ ಮೇಲೊಂದು ಮೂರ್ ದಪ ಫಿಟ್ಸ್ ಬಂತು, ಆಮೇಲೆ ನೀವ್ ಬರ್ದಂಗೇ ಗಾಢ ನಿದ್ದೆ. ನಿನ್ನೆಯಿಂದ ಹಾಲಿಗೂ ಎದ್ದಿಲ್ಲ. ನಮ್ಮನೇವ್ಳು ಹೆದರ್ಕೊಂಡವ್ಳೆ, ನೀವೇನ್ ಬರ್ದಿದ್ದೀರೋ ನೋಡ್ಕೊಂಡ್ ಬರೋಗಂಟ ಎಬ್ಬಿಸ್ಬ್ಯಾಡ ಅಂತ ನಾನೇ ಹೇಳಿ ಬಂದೆ. ಇನ್ನೆಷ್ಟ್ ದಿನ ಮಲಗ್ಬೇಕು ಅಂತ ಕೇಳಾಣ ಅಂತ ಕೂತಿದ್ದೆ, ನೀವೇ ಸಿಕ್ಬುಟ್ರಿ. ಹೇಳ್ರಕ್ಕಾ, ಇನ್ನೆಷ್ಟ್ ದಿನ?”