ಬುಸ್ತಾಮಿಯ ಕೈರುಚಿ

ಎಲ್ಮಿಯಾತಿ ಓಣಿಯ ತಿರುವು ದಾಟುವವರೆಗೆ ಕಾದು, ರೋಸ್ಮನೇಲಿ ಸೌಟನ್ನು ಗಂಡನ ಮುಂದೆ ಕುಕ್ಕಿದಳು.

“ನಾಳೆ ಅಡುಗೆ ನೀವೇ ಮಾಡಿ.”

ಬುಸ್ತಾಮಿ ಹಲ್ಲು ಕಿರಿದ. ಜವಳಿ ಅಂಗಡಿಯ ಎಲ್ಮಿಯಾತಿ ಮಗಳ ನಾಳಿನ ನಿಶ್ಚಿತಾರ್ಥಕ್ಕೆ ಲೊಂತೊಂಗ್, ಅಂದರೆ ಬಾಳೆಎಲೆಯಲ್ಲಿ ಬೇಯಿಸಿ ಪಲ್ಯದ ರಸದೊಡನೆ ಕೊಡುವ ಅಕ್ಕಿ ಕಡುಬು, ಹೇಳಿಹೋಗಲು ಬಂದಿದ್ದಳು. ಪಲ್ಯದ ರಸ ಚಪ್ಪರಿಸುತ್ತಾ, “ನಿನ್ನ ಕೈಗೆ ಚಿನ್ನದ ಕಡಗ ತೊಡಿಸ್ಬೇಕು ಕಣಪ್ಪಾ” ಎಂದಿದ್ದಳು. ಇವನು ನಾಚಿದಂತೆ ನಟಿಸಿ, “ಕೈರುಚಿ ದೇವರು ಕೊಟ್ಟಿದ್ದು. ಇವಳು ಒಲೆಗೆ ಸೌದೆ ತುರುಕ್ತಾಳೆ, ಅಷ್ಟೆ” ಎಂದಿದ್ದ.

ನಮ್ಮ ಪಡಾಂಗ್ ಊರಿನಲ್ಲಿ ಮನೆ ಹೆಣ್ಣಿನದು; ಗಂಡ ಬಟ್ಟೆ ಗಂಟು ಹೊತ್ತು ಬಂದು ಸೇರಿಕೊಳ್ಳುತ್ತಾನೆ. ಬುಸ್ತಾಮಿ ಆ ಗಂಟನ್ನೂ ಬಂದ ದಿನವೇ ಅತ್ತೆಯ ಕೈಗಿತ್ತು ಒಗೆಸಿಕೊಂಡ ಭೂಪ. ಅತ್ತೆಯ ಮನೆಯ ಜಗುಲಿಯಲ್ಲಿ, ಹೆಂಡತಿಯ ಅಜ್ಜಿ ಕಲಿಸಿಹೋದ ಅಡುಗೆ ಮಾರುವ ಅಂಗಡಿಗೆ ‘ಬುಸ್ತಾಮಿ ಲೊಂತೊಂಗ್’ ಎಂದು ಬೋರ್ಡು ಬರೆಸಿದ್ದ. ಮೀಸೆ ಬಾಚಿಕೊಂಡು ಗಲ್ಲಾದ ಮುಂದೆ ಕೂರುವುದೇ ಅವನ ದುಡಿಮೆ. ಅದಕ್ಕೂ ಮಧ್ಯಾಹ್ನ ಸುಸ್ತಾಗಿ ಮಲಗುತ್ತಿದ್ದ.

ರೋಸ್ಮನೇಲಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಇದು ನನ್ನ ಹೆಂಡತಿ ಮಾಡಿದ್ದು ಎಂದು ಅವನು ನಾಲ್ಕು ಜನರ ಮುಂದೆ ಒಮ್ಮೆ ಹೇಳಬೇಕಿತ್ತು. ಮದುವೆಯಾದಾಗಿನಿಂದ ಅವಳು ಅದನ್ನೇ ಕಾಯುತ್ತಿದ್ದಳು. ಇವತ್ತು ತಾಳ್ಮೆ ಮುಗಿಯಿತು.

“ಮಾಡ್ತೀನಿ. ಅದೇನ್ ಬ್ರಹ್ಮವಿದ್ಯೆನಾ?” ಎಂದ ಬುಸ್ತಾಮಿ.

ಸಂಜೆ ಒಲೆಯ ಮುಂದೆ ಕೂತು ಬಾಳೆಎಲೆಯ ಸುರುಳಿಗಳಿಗೆ ಅಕ್ಕಿಯನ್ನು ಬಾಯಿಮಟ್ಟ ಗಿಡಿದ. ಅಕ್ಕಿ ಅರಳುವುದಕ್ಕೆ ಅರ್ಧ ಜಾಗ ಬಿಡಬೇಕೆಂಬುದು ನಮ್ಮ ಓಣಿಯ ಕೂಸಿಗೂ ಗೊತ್ತು.

“ನೀನು ಜಿಪುಣಿ ಕಣೇ, ಅರ್ಧರ್ಧ ತುಂಬ್ತಿದ್ದೆ. ನೋಡು, ಹೀಗೆ ಧಾರಾಳವಾಗಿ ಹಾಕ್ಬೇಕು!”

ರೋಸ್ಮನೇಲಿ ಹೊಸ್ತಿಲ ಮೇಲೆ ಕೈ ಕಟ್ಟಿ ಕೂತಿದ್ದಳು. ಎಲ್ಮಿಯಾತಿಯ ಮಗಳ ನೆನಪಾಯಿತು. ಎದ್ದು ಹೇಳಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ಅವನು, “ಸೌದೆ ತುರುಕು ಬಾ, ನಿನಗೆ ಬರೋದು ಅದೊಂದೇ” ಎಂದ. ಅವಳು ಎದ್ದು ಬಂದು ಸೌದೆಯನ್ನಷ್ಟೇ ತುರುಕಿದಳು.

ಬೆಳಗ್ಗೆ ಎಳೆ ಹಲಸು, ಅಲಸಂದೆಕಾಯಿಗಳ ಮೇಲೆ ತೆಂಗಿನ ಹಾಲು ಸುರಿದು, ತಿರುವುತ್ತಾ ನಿಲ್ಲುವುದು ಬಿಟ್ಟು ಬೀಡಿ ಸೇದಲು ಬೀದಿಗೆ ಹೋದ. ಬರುವಷ್ಟರಲ್ಲಿ ಹಾಲು ಒಡೆದು ಮೊಸರಿನಂತೆ ಗಡ್ಡೆಗಟ್ಟಿತ್ತು.

“ಜಿಡ್ಡು ತೇಲ್ತಿದ್ರೇನೇ ರುಚಿ,” ಎಂದು ಮುಚ್ಚಳ ಹಾಕಿದ.

ಎಲ್ಮಿಯಾತಿಯ ಮನೆಯಲ್ಲಿ ಬೀಗರು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು; ಬುಸ್ತಾಮಿಯೂ ಅವರ ಜೊತೆ ಕೂತ, ಬಡಿಸುವುದು ರೋಸ್ಮನೇಲಿಯ ಪಾಲಿಗೆ ಬಂತು. ಮೊದಲ ತಟ್ಟೆ ವರನ ಸೋದರಮಾವನಿಗೆ; ಅವರು ಒಪ್ಪಿ ಉಂಡರೆ ಮಾತುಕತೆ ಗಟ್ಟಿ. ಆ ಮುದುಕರು ಒಂದು ತುಂಡು ಬಾಯಿಗಿಟ್ಟರು. ಕಟ್ ಎಂದಿತು. ಅಂಗೈಗೆ ಉಗಿದು ನೋಡಿದರೆ ಬೇಯದ ಅಕ್ಕಿ.

“ಕೋಳಿಗೆ ಹಾಕೋದನ್ನ ನಮಗೆ ಬಡಿಸಿದ್ದೀರಾ?” ಎಂದು ತಟ್ಟೆ ಕೆಳಗಿಟ್ಟರು.

ಎಲ್ಮಿಯಾತಿಯ ಮುಖ ಕಪ್ಪಿಟ್ಟಿತು. “ಏನಪ್ಪಾ ಇದು ಬುಸ್ತಾಮಿ? ಇದೇನಾ ನಿನ್ನ ಕೈರುಚಿ?”

ಬುಸ್ತಾಮಿ ಒಂದು ಕ್ಷಣವೂ ತಡವರಿಸಲಿಲ್ಲ. ಅಷ್ಟು ಚುರುಕಾಗಿ ಅವನು ಬೇರೆ ಯಾವ ಕೆಲಸ ಮಾಡಿದ್ದನ್ನೂ ನಾವು ಕಂಡಿಲ್ಲ.

“ನನ್ನನ್ಯಾಕಮ್ಮಾ ಕೇಳ್ತೀರಿ? ಮಾಡಿದ್ದು ಇವಳು. ನನಗೆಲ್ಲಿ ಅಡುಗೆ ಬರುತ್ತೆ? ಮೊದಲಿಂದಲೂ ಎಲ್ಲ ಇವಳೇ ಮಾಡೋದು!”

ಅಷ್ಟೂ ಜನ ರೋಸ್ಮನೇಲಿಯತ್ತ ತಿರುಗಿದರು. ಅವಳು ಗಂಡನನ್ನೇ ನೋಡುತ್ತಿದ್ದಳು.

“ಜೋರಾಗಿ ಹೇಳಿ,” ಎಂದಳು. “ಹಿಂದೆ ಕೂತಿರೋರಿಗೆ ಕೇಳಿಸಿಲ್ಲ.”

ಅವನು ಎದ್ದು ನಿಂತು, ಎದೆ ಮುಟ್ಟಿಕೊಂಡು, “ಎಲ್ಲ ನನ್ನ ಹೆಂಡತಿಯೇ ಮಾಡೋದು!” ಎಂದು ಇನ್ನೂ ಜೋರಾಗಿ ಹೇಳಿದ.

ರೋಸ್ಮನೇಲಿ ಬಗ್ಗಿ ಮುದುಕರ ಮುಂದಿನ ತಟ್ಟೆ ಎತ್ತಿಕೊಂಡಳು. ಆಮೇಲೆ ಅವರ ಪಕ್ಕದವರದು.