ಉರುಳಿದ ಒರಳು

"ಅದನ್ನ ಉರುಳಿಸ್ಬೇಡ ಕಣೇ ಗಂಗಾ. ಮನೆ ಲಕ್ಷ್ಮಿ ಅದು. ಎತ್ಕೊಂಡ್ ಹೋಗ್ಬೇಕು, ಆಗ್ದಿದ್ರೆ ಸುಮ್ನೆ ಬುಡು," ಎಂದರು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಚೆನ್ನಮ್ಮ.

ಗಂಗಾಂಬಿಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಾರೆ ಕೈಗೆ ತೆಗೆದುಕೊಂಡಳು. ಮಗನ ಹೊಸ ಕಾರು ನಿಲ್ಲಿಸಲು ಹಿತ್ತಲಿಗೆ ಕಾಂಕ್ರೀಟ್ ಹಾಕುವವರು ಇನ್ನೇನು ಬರುವ ಹೊತ್ತು. ಅಷ್ಟರೊಳಗೆ ಒರಳು ನುಗ್ಗೆಮರದ ಬುಡ ಸೇರದಿದ್ದರೆ ಒಡೆದು ತಳಕ್ಕೆ ತುಂಬುತ್ತೇನೆಂದು ಮೇಸ್ತ್ರಿ ನಿನ್ನೆಯೇ ಹೇಳಿದ್ದ. ಮಿಕ್ಸಿ ಇರುವಾಗ ಒರಳು ಯಾರಿಗೆ ಬೇಕು ಎಂದು ಮನೆಯವರೆಲ್ಲ ಸುಮ್ಮನಿದ್ದರು. ಅವಳಿಗೆ ಬೇಕಿತ್ತು. ಅವಳ ಮದುವೆಯಾದ ವರ್ಷ ಅಪ್ಪ ಯಡಿಯೂರಿನಿಂದ ಕುಣಿಗಲ್ಲಿಗೆ ಗಾಡಿಯಲ್ಲಿ ತಂದು ಇಳಿಸಿದ್ದ ಕಲ್ಲು ಅದು.

ಮೂರು ವರ್ಷದ ಹಿಂದೆ ಹಬ್ಬಕ್ಕೆ ಹಿತ್ತಲು ಗುಡಿಸುವಾಗಲೂ ಅತ್ತೆ ಇದೇ ಮಾತು ಹೇಳಿದ್ದರು. ಆಗ ಗಂಗಾಂಬಿಕೆ ಎದುರಾಡಲಿಲ್ಲ. ಕಾಲು ನೆಟ್ಟಗಿಟ್ಟುಕೊಂಡೇ ಬಗ್ಗಿ, ಕಲ್ಲನ್ನು ತಬ್ಬಿ ಗೇಣುದ್ದ ಎತ್ತುವಷ್ಟರಲ್ಲಿ ಸೊಂಟದಲ್ಲಿ ಛಳಕ್ ಎಂದಿತು. ಎರಡು ತಿಂಗಳು ಹಾಸಿಗೆ. ಅದಾದರೂ ವಾಸಿ, ಆಮೇಲಿನದು ಇನ್ನೂ ದೊಡ್ಡ ಶಿಕ್ಷೆ. ಬಿಂದಿಗೆ ಮುಟ್ಟಬೇಡ, ಸಿಲಿಂಡರ್ ಹತ್ತಿರ ಹೋಗಬೇಡ. ಮೊಮ್ಮಗಳು ಹೇಮಶ್ರೀ ಹುಟ್ಟಿದ ಮೇಲೆ ಅದನ್ನೂ ಎತ್ತಬೇಡ, ಕೂತಿರು, ಮಡಿಲಿಗೆ ಕೊಡುತ್ತೇವೆ ಎಂದರು. ಅದು ಮಾತ್ರ ಅವಳ ಹೊಟ್ಟೆ ಉರಿಸಿತ್ತು. ಎತ್ತಿದವಳಿಗೆ ಬುದ್ಧಿ ಹೇಳುವವರೇ ಎಲ್ಲ, ಎತ್ತಿಸಿದವರಿಗೆ ಒಬ್ಬರೂ ಇಲ್ಲ.

ಕಲ್ಲಿನ ಬುಡಕ್ಕೆ ಹಾರೆಯ ಮೂತಿ ತೂರಿಸಿ, ಹಾರೆಯ ಕೆಳಗೊಂದು ಇಟ್ಟಿಗೆ ಇಟ್ಟು ಮೆಲ್ಲಗೆ ಅದುಮಿದಳು. ಒರಳು ಒಂದು ಮಗ್ಗುಲಿಗೆ ವಾಲಿ ಮಲಗಿತು. ತುಮಕೂರಿನ ಆಸ್ಪತ್ರೆಯಲ್ಲಿ ಸೊಂಟಕ್ಕೆ ವ್ಯಾಯಾಮ ಹೇಳಿಕೊಟ್ಟ ಹುಡುಗಿಯ ಮಾತು ನೆನಪಿತ್ತು: "ಬೆನ್ನಲ್ಲ ಆಂಟಿ, ಮಂಡಿ ಬಗ್ಸಿ. ಭಾರ ಮೈಗೆ ಹತ್ರ ಇರ್ಲಿ. ಉರುಳ್ಸೋಕಾಗೋದನ್ನ ಎತ್ಲೇಬೇಡಿ." ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು ತಳ್ಳಿದಳು. ಕಲ್ಲು ಅರ್ಧ ಸುತ್ತು ಹೊರಳಿತು.

"ಅನಿಷ್ಟ ಬತ್ತದೆ ಕಣೇ," ಎಂದರು ಚೆನ್ನಮ್ಮ.

"ಬರ್ಲಿ ಬುಡಿ ಅತ್ತೆ. ಬಂದ್ರೆ ಅದನ್ನೂ ಹಿಂಗೇ ಉರುಳ್ಸ್ಕೊಂಡ್ ಹೋಗಿ ಆಚೆಗೆ ಬುಡ್ತೀನಿ."

ಹಾಲಿನ ಪ್ಯಾಕೆಟ್ ಹಿಡಿದು ಬಂದ ಗಂಡ ಪರಮಶಿವಯ್ಯ ಬಾಗಿಲಲ್ಲೇ ನಿಂತರು. ಅಮ್ಮ ಮತ್ತು ಹೆಂಡತಿಯ ನಡುವೆ ಆರಕ್ಕೇರದ, ಮೂರಕ್ಕಿಳಿಯದ ಮನುಷ್ಯ. ಅಮ್ಮನ ಮುಖ ನೋಡಿದವರೇ ಪ್ಯಾಕೆಟ್ ಕಟ್ಟೆಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ ಬಂದು ಒರಳಿಗೆ ಕೈ ಹಾಕಿದರು. ಕಾಲು ನೆಟ್ಟಗೆ, ಬೆನ್ನು ಬಿಲ್ಲು.

"ನಾನ್ ಎತ್ತಿಡ್ತೀನಿ ಬಾ. ಅವ್ವ ನೊಂದ್ಕೊತಾಳೆ."

ಗಂಗಾಂಬಿಕೆ ಹಾರೆಯನ್ನು ಅವರ ಕೈಗೂ ಕಲ್ಲಿಗೂ ನಡುವೆ ಅಡ್ಡ ಹಿಡಿದಳು.

"ಕೈ ತೆಗೀರಿ. ನನ್ ಸೊಂಟ ಹೋಗಿದ್ದೂ ಹಿಂಗ್ ಬಗ್ಗಿದ್ಕೇನೆ."

"ಅವ್ವ ಏನಂತಾಳೋ..."

"ಅಂದಿದ್ನ ಒಂದ್ಸಲ ಕೇಳ್ದೆ. ಸಾಕು."

ಪರಮಶಿವಯ್ಯ ಕೈ ಹಿಂದಕ್ಕೆ ತೆಗೆದುಕೊಂಡು, ಏನು ಮಾಡಬೇಕೆಂದು ತೋಚದೆ ದಾರಿಯಲ್ಲಿದ್ದ ಹೆಂಚಿನ ಚೂರುಗಳನ್ನು ಆಯತೊಡಗಿದರು. ಅವಳು ತಳ್ಳಿದಳು, ನಿಂತಳು, ಉಸಿರು ತೆಗೆದುಕೊಂಡು ಮತ್ತೆ ತಳ್ಳಿದಳು. ನುಗ್ಗೆಮರದ ಬುಡದಲ್ಲಿ ಹಾರೆ ಮೀಟಿ ಒರಳನ್ನು ನೆಟ್ಟಗೆ ನಿಲ್ಲಿಸಿದಳು. ಹಿಂದೆ ಹಿತ್ತಲ ಉದ್ದಕ್ಕೂ ಕಲ್ಲು ಹೊರಳಿದ ಗುರುತು ಉಳಿದಿತ್ತು.

ಸದ್ದಿಗೆ ಎದ್ದ ಹೇಮಶ್ರೀ ಹೊಸಿಲು ದಾಟಿ, ಆ ಗುರುತಿನ ಮೇಲೇ ತಟ್ಟಾಡಿಕೊಂಡು ಬಂದು ಅಜ್ಜಿಯ ಮುಂದೆ ಎರಡೂ ಕೈ ಎತ್ತಿತು. ಪರಮಶಿವಯ್ಯ ಎತ್ತಿಕೊಳ್ಳಲು ಓಡಿ ಬಂದವರು ಹಾರೆಯ ಕಡೆ ನೋಡಿ ನಿಂತರು. ಗಂಗಾಂಬಿಕೆ ಮಂಡಿ ಮಡಿಸಿ ಕೂತು, ಮಗುವನ್ನು ಎದೆಗೆ ಒತ್ತಿಕೊಂಡು ನಿಧಾನವಾಗಿ ಎದ್ದಳು. ಮಗುವಿನ ಹಳದಿ ಫ್ರಾಕಿನ ಬೆನ್ನ ಮೇಲೆ ಅಜ್ಜಿಯ ಮಣ್ಣುಗೈ ಐದು ಬೆರಳೂ ಮೂಡುವಂತೆ ಅಂಟಿತ್ತು.