ನಾಲ್ಕು ಎಸಳು

ವಾಸನೆ ಮೊದಲು ಬಂತು, ಹೂವು ಆಮೇಲೆ ಕಂಡಿತು — ಲವಂಗದಂಥ ವಾಸನೆ, ಓಕ್ ಮರದ ಬುಡದಿಂದ, ಇಳಿಬಿಸಿಲಲ್ಲಿ — ಮಂಡಿಯೂರಿ ಪೈಪಿನ ಚೌಕವನ್ನು ನೆಲದ ಮೇಲಿಟ್ಟೆ, ಚೌಕದೊಳಗೆ ಸಿಕ್ಕ ಗಿಡಗಳನ್ನೆಲ್ಲ ಹೆಸರು ಹಿಡಿದು ಕೂಗಬೇಕು, ಅತ್ತ ಬೆಂಚಿನ ಮೇಲೆ ಓರಿನ್ ಬರೆದುಕೊಳ್ಳುತ್ತಾನೆ, ಅಂಚೆ ಹಂಚಿ ನಿವೃತ್ತನಾದವ, ಈ ಕಾಡಿನದ್ದೋ ಹೊರಗಿಂದ ಬಂದದ್ದೋ, ಅವನಿಗೆ ಬೇಕಾದದ್ದು ಅಷ್ಟೇ. ಕಾಡು ಜೆರೇನಿಯಂ, ನಮ್ಮದು. ಸಾಸಿವೆ ಕಳೆ, ಹೊರಗಿನದು. ಆ ನೇರಳೆ ಯಾವ್ದು ಮೆರಿಲ್, ಓರಿನ್ ನನ್ನನ್ನು ಕೇಳಿದ, ಫ್ಲಾಕ್ಸಾ, ರಾಕೆಟ್ಟಾ, ನಾಲ್ಕಾ ಐದಾ? — ಫ್ಲಾಕ್ಸಿಗೆ ಐದು ಎಸಳು, ಈ ನೆಲದ್ದು, ಉಳಿಯುತ್ತದೆ. ರಾಕೆಟ್ಟಿಗೆ ನಾಲ್ಕು, ಅದನ್ನು ಶನಿವಾರದ ಸ್ವಯಂಸೇವಕರ ಗುಂಪು ಬೇರುಸಮೇತ ಕಿತ್ತು, ಕಪ್ಪು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬಿಸಿಲಿಗಿಡುತ್ತದೆ, ಕಿತ್ತ ಮೇಲೂ ಬೀಜ ಬಲಿಯುತ್ತದಲ್ಲ ಮುಂಡೇದು, ಹೊಸಬರಿಗೆಲ್ಲ ಹಾಗೆ ಹೇಳಿಕೊಟ್ಟವಳು ನಾನೇ, ಕನಿಕರ ಬೇಡ, ಚೆಂದ ಅಂತ ಬಿಟ್ರೆ ಕಾಡೇ ಹೋಗುತ್ತೆ. ಇದು ಇಲ್ಲಿಗೆ ಹೇಗೆ ಬಂತು ಅಂತ ಓರಿನ್‌ಗೆ ಗೊತ್ತಿಲ್ಲ, ನನಗೆ ಗೊತ್ತು — ಹೋದ ವರ್ಷದ ಮಾರ್ಚ್, ಮಂಜುಗಡ್ಡೆ ಹಿಡಿದ ರಸ್ತೆಯಲ್ಲಿ ಕಾರು ಜಾರಿ ನನ್ನ ಮಗಳು ಬ್ರಿಟಾ ತೀರಿಕೊಂಡ ವಾರ, ಚರ್ಚಿನ ಬಾಗಿಲಲ್ಲಿ ನಾದಿನಿ ಗ್ವೆನ್ ಬುಟ್ಟಿ ಹಿಡಿದು ನಿಂತಿದ್ದಳು, ಬಂದವರಿಗೆಲ್ಲ ಒಂದೊಂದು ಪುಟ್ಟ ಲಕೋಟೆ, ಮೇಲೆ ಬ್ರಿಟಾಳ ನಗುವ ಫೋಟೊ, ಒಳಗೆ ಕಾಡುಹೂವಿನ ಬೀಜ, ಈಗ ಸಾವಿನ ಮನೆಗಳಲ್ಲಿ ಹಾಗೇ ಕೊಡುತ್ತಾರೆ, ಅವಳಿಗೆ ಇಷ್ಟವಾದ ಕಡೆ ಚೆಲ್ಲಿ ಬನ್ನಿ, ಹೂವಾಗಿ ಬರ್ತಾಳೆ ಮಗು, ಎಂದಳು ಮೂಗು ಒರೆಸಿಕೊಳ್ಳುತ್ತಾ, ಅಂಗಡಿಯವರು ಯಾವ ದೇಶದ ಬೀಜ ಬೆರೆಸಿರುತ್ತಾರೋ ಅವಳಿಗೇನು ಗೊತ್ತು, ಕಾಡುಹೂವು ಅಂದರೆ ಕಾಡಿನದ್ದೇ ಅಂದುಕೊಂಡಳು ಪಾಪ — ಬ್ರಿಟಾಗೆ ಇಷ್ಟವಾದದ್ದು ಈ ಓಕ್ ಮರ, ಬೇಸಿಗೆ ಶಿಬಿರದ ಮಕ್ಕಳನ್ನು ಅವಳು ಪಾಠಕ್ಕೆ ಕೂರಿಸಿಕೊಳ್ಳುತ್ತಿದ್ದ ಬುಡ, ಯಾರೋ ಬಂದು ಹಿಡಿ ಹಿಡಿಯಾಗಿ ಚೆಲ್ಲಿದ್ದಾರೆ. ಮೊದಲ ವರ್ಷ ಬರೀ ಎಲೆ, ಎರಡನೆಯ ವರ್ಷ ಹೂವು, ಅದರ ಜಾತಿಯೇ ಹಾಗೆ. ಹೇಳಿದ ಹಾಗೇ ಬಂದಿದ್ದಾಳೆ.

ಎಷ್ಟು ಜನ ಮೇಡಂ? — ಪ್ಯಾನ್‌ಕೇಕ್ ಹೋಟೆಲಿನ ಹುಡುಗಿ ಕೇಳಿದ್ದು, ಈ ಸಲದ ಈಸ್ಟರ್ ಭಾನುವಾರ, ಐದು ಎಂದೆ, ಬಾಯಿಗೆ ಬಂದದ್ದೇ ಅದು, ಗಂಡ ಡೇಲ್ ತಿದ್ದಲಿಲ್ಲ, ಗಂಡುಮಕ್ಕಳಿಬ್ಬರೂ ತಿದ್ದಲಿಲ್ಲ, ಐದು ತಟ್ಟೆ ಇಟ್ಟಳು, ಇನ್ನೊಬ್ರು ಬರಬೇಕಾ — ಬರ್ತಾಳೆ, ಎಂದೆ — ಕಾರಿನಲ್ಲಿ ಡೇಲ್, ಹೀಗೇ ಎಷ್ಟು ದಿನ ಅಂತ ಕಣೇ, ನಾಲ್ಕೇ ನಾವು, ಒಂದ್ಸಲ ಬಾಯ್ಬಿಟ್ಟು ಅನ್ನು — ಮನೆ ಬರುವವರೆಗೂ ಕಿಟಕಿಯಾಚೆ ನೋಡಿದೆ. ಈಗಲೂ ಐದು ಅಂದುಬಿಡಲೇ, ಓರಿನ್‌ನ ಕಣ್ಣು ಮಂದ, ಐದು ಅಂದರೆ ಉಳಿಯುತ್ತಾಳೆ, ಬರುವ ಮೇ ತಿಂಗಳಿಗೆ ಹಳ್ಳದ ದಂಡೆವರೆಗೂ ಹಬ್ಬುತ್ತಾಳೆ, ಅದರ ಮುಂದೆ ಇಡೀ ಕಾಡು ಅವಳೇ, ಆಸೆಯಾಗುತ್ತದೆ, ಆದರೆ ಅವಳು ಮಕ್ಕಳಿಗೆ ತೋರಿಸುತ್ತಿದ್ದ ಫ್ಲಾಕ್ಸ್ ಒಂದೂ ಇರುವುದಿಲ್ಲ — ಅಮ್ಮಾ, ಕಣ್ಣನ್ನ ನಂಬಬೇಡ, ಎಣ್ಸು, ಎನ್ನುತ್ತಿದ್ದಳು, ಹೆತ್ತವಳಿಗೇ ಪಾಠ — ಏನಮ್ಮಾ ಮೆರಿಲ್, ನಿದ್ದೆ ಹೋದ್ಯಾ, ಬೆಂಚಿನಿಂದ ಓರಿನ್ ಕೂಗಿದ, ಸೊಳ್ಳೆ ನನ್ನ ಹೊತ್ಕೊಂಡು ಹೋಗ್ತಿವೆ, ನಾಲ್ಕಾ ಐದಾ? — ಬೆರಳ ತುದಿಯಿಂದ ಎಣಿಸುತ್ತೇನೆ, ಒಂದು ಡೇಲ್, ಎರಡು ನಾನು, ಹುಡುಗರು ಮೂರು, ನಾಲ್ಕು, ಬೆರಳು ಐದನೆಯದಕ್ಕೆಂದು ಹೋಗಿ ಬರೀ ಗಾಳಿ ಮುಟ್ಟಿತು — ನಾಲ್ಕು, ಎಂದೆ, ನನ್ನದೇ ದನಿ, ಜೋರಾಗಿಯೇ — ಹೊರಗಿನದು ಹಾಗಾದ್ರೆ, ಎಂದ ಓರಿನ್, ಬರ್ಕೊಂಡೆ, ಮುಂದಿಂದು ಹೇಳು — ಮುಂದಿನದು, ಹೇಳಬೇಕು, ಮುಂದಿನದು — ನೇರಳೆ ಎಸಳು, ಒಂದು, ಎರಡು, ಮೂರು, ನಾಲ್ಕು, ಬೆರಳು ಮತ್ತೆ ಗಾಳಿಯಲ್ಲಿ — ಒಂದು, ಎರಡು, ಮೂರು, ನಾಲ್ಕು, ಆಮೇಲೆ ಗಾಳಿ